ಪೆಟ್ರೋಲ್ ಬಂತು, ನೆಂಟರು ಬರಲಿಲ್ಲ

ಈ ಕಡೆ ತಲೆ ಹಾಕಿ ತಿಂಗಳುಗಳೇ ಆದವು, ಬೈಕೋಬೇಡಿ. ಮೊನ್ನೆ ಸ್ಟಾಫ್ ರೂಮಿನಲ್ಲಿ ರಜೆಯ ಮಾತು ಬಂತು. ಹೊಸದಾಗಿ ಬಂದಿರುವ ಮೇಷ್ಟ್ರೊಬ್ಬರು, "ಸಾರ್, ಹೊರದೇಶಕ್ಕೆ ಹೋಗೋಣ ಅಂದ್ಕೊಂಡಿದೀವಿ. ಆದ್ರೆ ಅಲ್ಲಿ ಬೆಲೆ ಏರಿಕೆ, ಗಲಾಟೆ ಅಂತಾರೆ. ಹೋಗೋದಾ ಬಿಡೋದಾ?" ಅಂದ್ರು. ನಾನು ತಕ್ಷಣ ಉತ್ತರ ಹೇಳಲಿಲ್ಲ. ಯಾಕಂದ್ರೆ ಇದೇ ಪ್ರಶ್ನೆಗೆ ನಾವು ನಾಲ್ಕು ಜನ 2022ರಲ್ಲಿ ಅರ್ಧ ಸರಿ, ಅರ್ಧ ತಪ್ಪು ಉತ್ತರ ಬರೆದವರು.

ನಾಲ್ಕು ಜನ ಅಂದ್ರೆ ಮಧುಗಿರಿಯ ನಾನು, ಶಿರಾದ ಒಬ್ಬರು, ಪಾವಗಡದ ಒಬ್ಬರು, ಕೊರಟಗೆರೆಯ ಮೇಡಂ. ಕಂದಾಯಕ್ಕೆ ನಮ್ಮದು ತುಮಕೂರು ಜಿಲ್ಲೆಯಾದರೂ ಶಾಲೆಗಳ ಲೆಕ್ಕಕ್ಕೆ ಈ ನಾಲ್ಕು ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಮೌಲ್ಯಮಾಪನಕ್ಕೆ ಹೋದಾಗ ಗೆಳೆಯರಾದವರು ನಾವು. ಎರಡು ವರ್ಷ ಚೀಟಿ ಕಟ್ಟಿ, ದಸರಾ ರಜೆಗೆ ಶ್ರೀಲಂಕಾ ಅಂತ ತೀರ್ಮಾನ ಮಾಡಿದ್ದೆವು. ನಮ್ಮಲ್ಲಿ ಯಾರೂ ವಿಮಾನ ಹತ್ತಿದವರಲ್ಲ. ಬೆಂಗಳೂರಿಂದ ಕೊಲಂಬೊಗೆ ಒಂದೂವರೆ ಗಂಟೆ. ಪಾವಗಡದವರು, "ನಮ್ಮೂರಿಂದ ಬೆಂಗಳೂರಿಗೆ ಬರೋದ್ರಲ್ಲಿ ಎರಡು ಸಲ ಹೋಗಿ ಬರಬಹುದು" ಅಂತ ನಗ್ತಿದ್ರು.

ಅಡ್ವಾನ್ಸ್ ಕೊಟ್ಟ ಮೇಲೆ ಶುರುವಾಯ್ತು ನೋಡಿ. 2022ರ ಮಾರ್ಚಿನಲ್ಲಿ ಕಾಗದ ತರಿಸೋಕೆ ಡಾಲರ್ ಇಲ್ಲದೆ ಅಲ್ಲಿಯ ಪಶ್ಚಿಮ ಪ್ರಾಂತ್ಯದಲ್ಲಿ ಶಾಲಾ ಪರೀಕ್ಷೆಯನ್ನೇ ಮುಂದೂಡಿದರು. ಮೇಷ್ಟ್ರುಗಳಾದ ನಮಗೆ ಆ ಸುದ್ದಿ ಎದೆಗೆ ನಾಟಿತು. ಏಪ್ರಿಲ್‌ನಲ್ಲಿ ವಿದೇಶಿ ಸಾಲ ತೀರಿಸಲಾರೆವು ಅಂತ ಸರ್ಕಾರವೇ ಕೈ ಎತ್ತಿತು. ಹಿಂದಿನ ವರ್ಷ ರಾಸಾಯನಿಕ ಗೊಬ್ಬರ ಏಕಾಏಕಿ ನಿಲ್ಲಿಸಿ ಭತ್ತದ ಇಳುವರಿ ಬಿದ್ದಿತ್ತು. ಕೋವಿಡ್‌ನಿಂದ ಪ್ರವಾಸಿಗರ ದುಡ್ಡೂ ನಿಂತಿತ್ತು. ಜೂನ್ ಕೊನೆಗೆ ಖಾಸಗಿ ವಾಹನಗಳಿಗೆ ಪೆಟ್ರೋಲ್ ಮಾರಾಟವೇ ಬಂದ್. ಬಂಕ್ ಮುಂದೆ ಕಾದು ಕಾದು ಕ್ಯೂನಲ್ಲೇ ಪ್ರಾಣ ಬಿಟ್ಟವರಿದ್ದಾರೆ. ಜುಲೈ 9ಕ್ಕೆ ಜನ ಅಧ್ಯಕ್ಷರ ಮನೆಗೇ ನುಗ್ಗಿದರು. ಅಲ್ಲಿಯ ಈಜುಕೊಳದಲ್ಲಿ ಜನ ಧುಮುಕಿದ್ದನ್ನು ನೀವೂ ಟಿವಿಯಲ್ಲಿ ನೋಡಿರ್ತೀರಿ.

ನಮ್ಮಮ್ಮ ನೋಡಿದರು. "ಏನೂ ಬೇಡ ಕಣಪ್ಪಾ, ಆ ಕಡೆ ಹೋದೋರು ಏನಾದ್ರು ಅಂತ ಮರೆತ್ಯಾ?" ಅಂದರು. 2019ರ ಏಪ್ರಿಲ್‌ನಲ್ಲಿ ಲೋಕಸಭೆ ಚುನಾವಣೆಯ ಮತದಾನ ಮುಗಿಸಿ ನಾಲ್ಕು ದಿನ ಸುಧಾರಿಸಿಕೊಳ್ಳೋಣ ಅಂತ ಕೊಲಂಬೊಗೆ ಹೋಗಿದ್ದ ನಮ್ಮ ರಾಜ್ಯದವರು ಈಸ್ಟರ್ ದಿನದ ಬಾಂಬಿಗೆ ಸಿಕ್ಕಿದ್ದರು. ಅದು ಭಯೋತ್ಪಾದನೆ, ಇದು ಹೊಟ್ಟೆಪಾಡಿನ ಗಲಾಟೆ, ಎರಡೂ ಬೇರೆ ಅಂತ ಅಮ್ಮನಿಗೆ ಹೇಳಿದೆ. "ನಂಗೆ ಎರಡೂ ಒಂದೇ" ಅಂದರು. ತಾಯಿಗೆ ವಾದದಲ್ಲಿ ಗೆಲ್ಲೋಕಾಗುತ್ತಾ?

ಉಳಿದ ಹಣ ಜುಲೈ ಒಳಗೆ ಕಟ್ಟಬೇಕಿತ್ತು. ಮಧುಗಿರಿಯ ಹೋಟೆಲೊಂದರಲ್ಲಿ ಟೀ ಮುಂದಿಟ್ಟುಕೊಂಡು ಕೂತೆವು. ಹೋಗೋಣ ಅಂತ ಹಟ ಹಿಡಿದವನು ನಾನೇ. "ಗಲಾಟೆ ಸರ್ಕಾರದ ಮೇಲೆ, ನಮ್ಮ ಮೇಲಲ್ಲ. ಅವರ ದುಡ್ಡು ಬಿದ್ದಿದೆ, ನಮಗೆ ಅಗ್ಗ" ಅಂದೆ. ಕೊರಟಗೆರೆ ಮೇಡಂ ಕೇಳಿದರು: "ಸಾರ್, ನಮ್ಮ ವ್ಯಾನಿಗೂ ಪೆಟ್ರೋಲ್ ಬೇಕಲ್ವಾ? ಅವರು ಎರಡು ದಿನ ಕ್ಯೂ ನಿಂತು ತಂದಿದ್ದನ್ನ ನಾವು ಆನೆ ನೋಡೋಕೆ ಸುಡೋದಾ?"

ಅಗ್ಗ ಅಂದ ನನ್ನ ನಾಲಿಗೆ ಬಿದ್ದುಹೋಯ್ತು. ಕ್ಯಾನ್ಸಲ್ ಮಾಡಿದೆವು. ಏಜೆಂಟರಿಂದ ಅರ್ಧ ದುಡ್ಡು ಮಾತ್ರ ವಾಪಸ್ ಬಂತು. ದಸರೆಗೆ ಸಿದ್ದರಬೆಟ್ಟ ಹತ್ತಿದೆವು, ಶಿರಾದ ಮಲಿಕ್ ರಿಹಾನ್ ದರ್ಗಾ ನೋಡಿದೆವು, ಪಾವಗಡಕ್ಕೂ ಹೋದೆವು.

ಅಲ್ಲಿ ಶನಿಮಹಾತ್ಮ ದೇವಸ್ಥಾನದ ಹತ್ತಿರ ಎಳ್ಳುಬತ್ತಿ ಮಾರುವ ಅಜ್ಜಿಯೊಬ್ಬರ ಜೊತೆ ಮಾತಾಡ್ತಾ ನಿಂತಿದ್ವಿ. ಲಾಕ್‌ಡೌನ್ ಕಾಲದ ಮಾತು ಬಂತು. "ಬಾಗ್ಲು ಹಾಕಿದ್ದಾಗ ಬೇಜಾರಿಲ್ಲ ಸಾಮಿ, ಎಲ್ರುದೂ ಅದೇ ಕತೆ. ಬಾಗ್ಲು ತೆಗುದ್ ಮ್ಯಾಲೂ ಜನ ಬರ್ಲಿಲ್ಲ ನೋಡು, ಅದು ಸುಟ್ಟಿದ್ದು" ಅಂದರು. ಹೌದು ಪಾಪ ಅಂತ ತಲೆಯಾಡಿಸಿ ಬಂದೆ. ಆ ಮಾತು ನನಗೂ ಸೇರಿದ್ದು ಅಂತ ಆಗ ಹೊಳೆಯಲಿಲ್ಲ.

ಹೊಳೆದದ್ದು ಎರಡು ವರ್ಷದ ಮೇಲೆ. ಮತ್ತೆ ಚೀಟಿ ಕಟ್ಟಿ, 2024ರ ದಸರಾ ರಜೆಯಲ್ಲಿ ಕೊನೆಗೂ ಶ್ರೀಲಂಕಾಕ್ಕೆ ಹೋದೆವು. ನಮ್ಮ ಒಂದು ರೂಪಾಯಿಗೆ ಅಲ್ಲಿಯ ಮೂರೂವರೆ. ಸಿಗಿರಿಯಾದ ಮೆಟ್ಟಿಲು ಹತ್ತುತ್ತಾ ಪಾವಗಡದವರು, "ನಿಮ್ಮ ಮಧುಗಿರಿ ಏಕಶಿಲಾ ಬೆಟ್ಟ ಇದರಪ್ಪ. ಇದಕ್ಕಾ ಸಾರ್ ಇಷ್ಟು ದೂರ ಬಂದಿದ್ದು?" ಅಂತ ಏದುಸಿರು ಬಿಟ್ಟರು. ಊರಿನ ಅಭಿಮಾನದಿಂದ ನನಗೆ ಒಳಗೊಳಗೇ ಖುಷಿ.

ಇಳಿದ ಮೇಲೆ ವ್ಯಾನ್ ಡ್ರೈವರ್ ಜೊತೆ ಎಳನೀರು ಕುಡಿಯುತ್ತಾ ನಮ್ಮ ಕ್ಯಾನ್ಸಲ್ ಕತೆ ಹೇಳಿದೆ. ನಾವೆಷ್ಟು ಸೂಕ್ಷ್ಮದ ಜನ ಅಂತ ತೋರಿಸಿಕೊಳ್ಳುವ ಆಸೆಯೂ ಇತ್ತು ಅನ್ನಿ. ಆತ ಹರಕು ಇಂಗ್ಲಿಷಿನಲ್ಲಿ ಹೇಳಿದ್ದಿಷ್ಟು: "ಜುಲೈಯಲ್ಲಿ ಬರದೆ ಇದ್ದದ್ದು ಒಳ್ಳೇದೇ ಆಯ್ತು. ಆದ್ರೆ ಅಕ್ಟೋಬರಿನಲ್ಲಿ ಯಾಕೆ ಬರಲಿಲ್ಲ? ಆಗ ಪೆಟ್ರೋಲ್ ಸಿಗ್ತಿತ್ತು. ಗೆಸ್ಟ್ ಸಿಗ್ತಿರಲಿಲ್ಲ."

2022ರ ಆಗಸ್ಟ್ ಹೊತ್ತಿಗೆ ಕ್ಯೂಆರ್ ಕೋಡ್ ತೋರಿಸಿದರೆ ಗಾಡಿಗೆ ವಾರಕ್ಕಿಷ್ಟು ಅಂತ ಪೆಟ್ರೋಲ್ ಕೊಡುವ ವ್ಯವಸ್ಥೆ ಬಂದು, ಕ್ಯೂ ಕರಗಿತ್ತಂತೆ. ಆದರೆ ಸಾಮಾನಿನ ಬೆಲೆ ಇಳಿದಿರಲಿಲ್ಲ, ಗಾಡಿಯ ಸಾಲದ ಕಂತೂ ನಿಂತಿರಲಿಲ್ಲ. ಆ ದಸರೆಯ ಹೊತ್ತಿಗೆ ಆತ ಹೆಂಡತಿಯ ಬಳೆ ಅಡ ಇಟ್ಟಿದ್ದನಂತೆ. 2018ರಲ್ಲಿ 23 ಲಕ್ಷ ಪ್ರವಾಸಿಗರು ಬಂದಿದ್ದ ದೇಶಕ್ಕೆ 2022ರಲ್ಲಿ ಬಂದವರು ಸುಮಾರು 7 ಲಕ್ಷ. ಬರದೆ ಉಳಿದವರಲ್ಲಿ ನಾವು ನಾಲ್ಕು ಜನ.

ಎಳ್ಳುಬತ್ತಿ ಅಜ್ಜಿ ನೆನಪಾದರು. ಮೇಡಂ ನನ್ನ ಮುಖ ನೋಡಿದರು, ನಾನು ಎಳನೀರು ನೋಡಿದೆ.

ಜುಲೈನಲ್ಲಿ ನಾವು ಮಾಡಿದ ಲೆಕ್ಕ ಸರಿಯಾಗಿತ್ತು. ತಪ್ಪು ಎಲ್ಲಾಗಿದ್ದು ಅಂದ್ರೆ, ಆಮೇಲೆ ಮತ್ತೊಂದು ಸಲ ನೋಡಲೇ ಇಲ್ಲ. ಗಲಾಟೆ ಶುರುವಾದದ್ದನ್ನು ಟಿವಿಯವರು ದಿನವಿಡೀ ತೋರಿಸ್ತಾರೆ, ನಿಂತದ್ದನ್ನು ಯಾರು ತೋರಿಸ್ತಾರೆ? ಮುಂದಕ್ಕೆ ಹಾಕೋದು ಬೇರೆ, ಮರೆತುಬಿಡೋದು ಬೇರೆ. ನಾವು ಮರೆತುಬಿಟ್ಟು, ಅದಕ್ಕೆ ಕರುಣೆ ಅಂತ ಹೆಸರಿಟ್ಟುಕೊಂಡಿದ್ದೆವು.

ಹೊಸ ಮೇಷ್ಟ್ರಿಗೆ ಇಷ್ಟು ಹೇಳಿದೆ. ಮೊದಲು ನಮ್ಮ ರಾಯಭಾರ ಕಚೇರಿ ಏನು ಎಚ್ಚರಿಕೆ ಕೊಟ್ಟಿದೆ ನೋಡಿ. ಜೀವಕ್ಕೆ ಅಪಾಯ ಅಂದ್ರೆ ಮಾತೇ ಬೇಡ. ಇಲ್ಲ ಅಂದ್ರೆ ಅಲ್ಲಿಯ ಲಾಡ್ಜಿಗೋ ಡ್ರೈವರಿಗೋ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: ನಾವು ಬಂದರೆ ನಿಮಗೆ ಭಾರವಾ, ಆಸರೆಯಾ? ಹೊರಡುವ ತಿಂಗಳು ಮತ್ತೊಂದು ಸಲ ಕೇಳಿ. ವಾಪಸ್ ಸಿಗುವಂಥ ಟಿಕೆಟ್ಟನ್ನೇ ತಗೊಳ್ಳಿ, ಅದು ನಮ್ಮ ಅರ್ಧ ಚೀಟಿ ದುಡ್ಡು ಕಲಿಸಿದ ಪಾಠ. ಮತ್ತೆ ಅಲ್ಲಿ ಹೋಗಿ, ನಮಗೆ ಅಗ್ಗ ಅಂತ ಚೌಕಾಸಿಗೆ ಮಾತ್ರ ನಿಲ್ಲಬೇಡಿ.

ಮೇಷ್ಟ್ರು "ಯೋಚನೆ ಮಾಡ್ತೀನಿ ಸಾರ್" ಅಂದ್ರು. ಅಷ್ಟರಲ್ಲಿ ಬೆಲ್ ಹೊಡೀತು.

ನೀವಾಗಿದ್ದರೆ ಏನು ಮಾಡ್ತಿದ್ರಿ? ತಿಳಿಸಿ.