ಬೇಸಗೆಯ ಜಗಲಿ

ಚೈತ್ರ ವೈಶಾಖಗಳ ಬಿಸಿಲಿನಲ್ಲಿ ನಂಟರಿಷ್ಟರನ್ನು ಮನೆಗೆ ಕರೆಯುವುದು ಅವಿವೇಕವೆಂದು ಕೆಲವರ ಮತ. ನಂಜನಗೂಡಿನವನಾದ ನಾನು ಆ ಮತದವನಲ್ಲ. ಹೊತ್ತಿಳಿದು ಕಪಿಲೆಯ ಕಡೆಯಿಂದ ಗಾಳಿಯೆದ್ದೊಡನೆ ಜಗಲಿಗೆ ನೀರು ಚಿಮುಕಿಸಿ ಚಾಪೆ ಹಾಸಿದರಾಯಿತು. ಕಾವೇರಿ ಕಪಿಲೆಗಳು ಕೂಡುವ ತಿರುಮಕೂಡಲು ನರಸೀಪುರದಿಂದ ಭಾವನವರೂ ಅಕ್ಕನೂ ಬಂದು ಸೇರುವರು.

ಆದರೆ ಗಂಡಸರು ತಂಗಾಳಿಯಲ್ಲಿ ಹರಟುತ್ತಿರುವಾಗ ಹೆಂಗಸರು ಒಲೆಯ ಮುಂದೆ ಬೇಯುವುದಾದರೆ ಅದೆಂತಹ ಸತ್ಕಾರ? ರಾಮನವಮಿಯ ಪದ್ಧತಿಯನ್ನು ನೋಡಿರಿ: ಬೆಲ್ಲದ ಪಾನಕ, ನೆನೆಸಿದ ಹೆಸರುಬೇಳೆಯ ಕೋಸಂಬರಿ, ನೀರುಮಜ್ಜಿಗೆ. ಒಂದಕ್ಕೂ ಬೆಂಕಿ ಬೇಡ. (ಒಗ್ಗರಣೆ ಬೇಕೇಬೇಕೆನ್ನುವ ನಾಲಗೆಯವರು ತಾವೇ ಎದ್ದು ಹೋಗಿ ಹಾಕಿಕೊಳ್ಳಲಿ!) ರಸಬಾಳೆಯ ರಸಾಯನವೂ ಹಾಗೆಯೇ. ಪನಾಮಾ ಸೊರಗುರೋಗದ ದೆಸೆಯಿಂದ ಆ ಹಣ್ಣು ವಿರಳವಾಗಿದೆ. ದೊರೆತ ದಿನವೇ ನಮ್ಮಲ್ಲಿಂದ ಕರೆ ಹೋಗುವುದು. ಕಳೆದ ವೈಶಾಖದಲ್ಲಿ ಹಣ್ಣು ಹೆಚ್ಚಿದವರು ಭಾವನವರು. ಅಕ್ಕ ಜಗಲಿಯ ಕಂಬಕ್ಕೊರಗಿ ಕಥೆ ಹೇಳುತ್ತಿದ್ದಳು.