ಸೂರ್ಯನ ಸಂಬಳದಲ್ಲಿ ಎಂಟು ದಿನ

ಪರಸ್ಥಳದಲ್ಲಿ ನೆಲಸಿದ ಕನ್ನಡಿಗರ ಮನೆಗಳಲ್ಲಿ ಬೇಸಗೆಯ ರಜೆ ಹತ್ತಿರವಾದೊಡನೆ ಒಂದು ಮಾತು ಏಳುತ್ತದೆ: ಈ ಸಲ ಊರಿಗೆ ಹೋಗುವುದೋ, ಇಲ್ಲವೋ? ಹೋಗಬೇಕೆಂಬ ಆಸೆ ಎಲ್ಲರಿಗೂ ಉಂಟು. ಆದರೆ ಅಜ್ಜ ಅಜ್ಜಿಯರು ಹೋದಮೇಲೆ ಎಷ್ಟೋ ಮಂದಿಗೆ ಊರೆಂದರೆ ಬೀಗ ಹಾಕಿದ ಒಂದು ಮನೆ, ಅಷ್ಟೆ. ಹೋದರೂ ಬೆಳಿಗ್ಗೆ ಇಳಿದು, ದೇವಸ್ಥಾನಕ್ಕೆ ಒಂದು ಸುತ್ತು ಹಾಕಿ, ಸಂಜೆಗೆ ತುಮಕೂರೋ ಬೆಂಗಳೂರೋ ಸೇರಿಕೊಳ್ಳುವುದು. ಅದಕ್ಕೆ ಊರಿಗೆ ಹೋಗಿಬಂದೆವು ಎನ್ನಬಹುದೆ?

ನಮ್ಮ ತಾಯಿಯವರ ತವರು ಪಾವಗಡ ತಾಲ್ಲೂಕಿನ ನಾಗಲಮಡಿಕೆ ಹೋಬಳಿಯ ಒಂದು ಹಳ್ಳಿ. ಅಲ್ಲಿನ ಮನೆ ಬೀಗ ಹಾಕಿಕೊಂಡು ಆರು ವರ್ಷ. ಮೀಟರು ಕಿತ್ತುಹೋಗಿದೆ, ಚಾವಣಿ ಮಾತ್ರ ಗಟ್ಟಿಯಾಗಿದೆ. ತುಮಕೂರಿನಲ್ಲಿರುವ ಸೋದರಮಾವನವರು ಅದನ್ನು ಮಾರುವ ಮಾತೆತ್ತಿದರು. "ಮಾರುವುದಾದರೆ ಮಾರಿ. ಅದಕ್ಕೆ ಮುಂಚೆ ಎಂಟು ದಿನ ನಾನು ಅಲ್ಲಿ ಇದ್ದು ಬರಬೇಕು" ಎಂದರು ತಾಯಿ. ಅವರಿಗೆ ಎಪ್ಪತ್ತೊಂದು ವರ್ಷ. ದಿನಕ್ಕೆ ಎರಡು ಹೊತ್ತು ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಒಡೆಯದ ಇನ್ಸುಲಿನ್ ಸೀಸೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕು. ಬಳಕೆಗೆ ತೆಗೆದದ್ದಾದರೂ 30 ಡಿಗ್ರಿಯನ್ನು ಮೀರಬಾರದು. ಏಪ್ರಿಲಿನ ಪಾವಗಡದಲ್ಲಿ ನೆರಳೇ ಅದಕ್ಕಿಂತ ಬಿಸಿ. ವಿದ್ಯುತ್ತಿಲ್ಲದ ಮನೆಯಲ್ಲಿ ಎಂಟು ದಿನ ಕಳೆಯುವುದು ಹೇಗೆ?

ಉತ್ತರ ನಮ್ಮ ಭಾವನವರ ಲಾರಿಯಲ್ಲಿತ್ತು. ಹೈದರಾಬಾದಿನಲ್ಲಿ ಸಾಮಾನು ಸಾಗಣೆಯ ವೃತ್ತಿಯಲ್ಲಿದ್ದ ಅವರು ವೃತ್ತಿ ಬಿಟ್ಟಾಗ ತಮ್ಮ ಹಳೆಯ ಟಾಟಾ 407 ಲಾರಿಯೊಂದನ್ನು ಮಾರಲು ಮನಸ್ಸಾಗದೆ ಉಳಿಸಿಕೊಂಡಿದ್ದರು. ಹಿಂದಿನ ಸರಕುಪೆಟ್ಟಿಗೆಯನ್ನೇ ಮನೆ ಮಾಡಬೇಕೆಂಬುದು ಅವರ ಬಹುದಿನದ ಹುಚ್ಚು. ಹತ್ತು ಅಡಿ ಉದ್ದ, ಆರು ಅಡಿ ಅಗಲ. ಅದರಲ್ಲಿ ಎರಡು ಮಲಗುವ ಹಲಗೆ, ಒಂದು ಅಡಿಗೆಯ ಕಟ್ಟೆ, ನೀರಿನ ತೊಟ್ಟಿ. ಇಂಥ ಕೆಲಸಕ್ಕೆ ಕೈ ಹಾಕುವವರಿಗೆ ಗುಮಾಸ್ತನಾದ ನಾನು ಹೇಳಬಹುದಾದ ಮೊದಲ ಮಾತು ಕಾಗದಪತ್ರದ್ದೇ. ನೋಂದಣಿಯ ವಿವರಗಳಿಗೆ ಬೇರೆಯಾಗುವಂತೆ ವಾಹನವನ್ನು ಮನಬಂದಂತೆ ಮಾರ್ಪಡಿಸಲು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಬಿಡುವುದಿಲ್ಲ. ಭಾವನವರು ಮೊದಲು ಅನುಮತಿ ಪಡೆದರು, ಆಮೇಲೆ ಸುತ್ತಿಗೆ ಹಿಡಿದರು. ಅನುಮತಿಗೆ ಹಿಡಿದ ಕಾಲ ಮರಗೆಲಸಕ್ಕಿಂತ ಹೆಚ್ಚು ಎಂಬುದನ್ನು ಬೇರೆ ಹೇಳಬೇಕಿಲ್ಲ.

ವಿದ್ಯುತ್ತಿನ ಲೆಕ್ಕ ನನ್ನ ಪಾಲಿಗೆ ಬಂತು. ನಾನು ಬಿ.ಎ. ಓದಿದವನು, ವಿಜ್ಞಾನ ನನ್ನದಲ್ಲ. ಆದರೆ ತಿಂಗಳ ಸಂಬಳದಲ್ಲಿ ಸಂಸಾರ ನಡೆಸುವವನಿಗೆ ಈ ಶಾಸ್ತ್ರ ಬಹುಬೇಗ ಅರ್ಥವಾಗುತ್ತದೆ. ಸೂರ್ಯನು ಕೊಡುವುದು ಸಂಬಳ, ಬ್ಯಾಟರಿ ಉಳಿತಾಯದ ಖಾತೆ, ಫ್ಯಾನು ದೀಪ ಮಿಕ್ಸರುಗಳು ಖರ್ಚಿನ ಬಾಬುಗಳು. ಸಂಬಳ ಎಷ್ಟೆಂದು ತಿಳಿಯದೆ ಖರ್ಚಿಗೆ ಹೊರಟವನ ಗತಿ ಏನಾಗುವುದೆಂದು ವಾಚಕರಿಗೆ ವಿವರಿಸಬೇಕೆ?

ಆದ್ದರಿಂದ ಮೊದಲು ಖರ್ಚನ್ನು ಬರೆದೆವು. ನಲವತ್ತು ಲೀಟರಿನ, ಬ್ಯಾಟರಿಯಿಂದ ನೇರವಾಗಿ ನಡೆಯುವ ಸಣ್ಣ ಫ್ರಿಜ್ಜು ಸೆಕೆಗಾಲದಲ್ಲಿ ದಿನಕ್ಕೆ ಸುಮಾರು 450 ವ್ಯಾಟ್-ಗಂಟೆ ತಿನ್ನುತ್ತದೆ. ಇಪ್ಪತ್ತು ವ್ಯಾಟಿನ ಎರಡು ಫ್ಯಾನುಗಳು ಹತ್ತು ಗಂಟೆ ತಿರುಗಿದರೆ 400. ದೀಪಗಳಿಗೆ 60, ಫೋನುಗಳಿಗೆ 60, ನೀರೆತ್ತುವ ಪುಟ್ಟ ಪಂಪಿಗೆ 15, ಮಿಕ್ಸರಿನಲ್ಲಿ ಆರು ನಿಮಿಷ ಚಟ್ನಿ ರುಬ್ಬಿದರೆ 50. ಒಟ್ಟು 1,035, ಅಂದರೆ ಮನೆಯ ಮೀಟರಿನ ಲೆಕ್ಕದಲ್ಲಿ ಒಂದು ಯೂನಿಟ್ಟಿಗೆ ತುಸು ಮೇಲೆ.

ಇನ್ನು ಆದಾಯ. ಲಾರಿಯ ನೆತ್ತಿಯ ಮೇಲೆ ತಲಾ 200 ವ್ಯಾಟಿನ ಎರಡು ಫಲಕಗಳಿಗೆ ಸ್ಥಳವಿತ್ತು. ದಖ್ಖನಿನ ಬಿಸಿಲಿನಲ್ಲಿ ದಿನಕ್ಕೆ ಐದು ಗಂಟೆಯಷ್ಟು ಪೂರ್ಣ ಬಿಸಿಲೆಂದು ಹಿಡಿದರೆ 2,000 ವ್ಯಾಟ್-ಗಂಟೆ. ಇದು ಕಾಗದದ ಮೇಲಿನ ಸಂಬಳ. ಕೈಗೆ ಬರುವುದು ಕಡಿತಗಳೆಲ್ಲ ಕಳೆದು. ಫಲಕದ ಮೇಲೆ ಬರೆದಿರುವ ವ್ಯಾಟು 25 ಡಿಗ್ರಿ ಶಾಖದಲ್ಲಿ ಅಳೆದದ್ದು. ಅದಕ್ಕಿಂತ ಮೇಲೇರುವ ಪ್ರತಿ ಡಿಗ್ರಿಗೂ ಶೇಕಡಾ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಶಕ್ತಿ ಕುಗ್ಗುತ್ತದೆ. ಬೇಸಗೆಯ ನಡುಹಗಲು ಫಲಕ 60 ಡಿಗ್ರಿಗೆ ಕಾಯುವುದು ಸಾಮಾನ್ಯ. ಬಿಸಿಲು ಬೇಕು, ಶಾಖ ಬೇಡ! ಇದರ ಜೊತೆಗೆ ಧೂಳಿನದೊಂದು ಕಡಿತ, ತಂತಿಯದೊಂದು ಕಡಿತ. ನಾಲ್ಕರಲ್ಲೊಂದು ಭಾಗ ಹೋಯಿತೆಂದು ಬರೆದುಕೊಂಡೆವು. ಉಳಿದದ್ದು 1,500. ಸಂಸಾರ ನಡೆಯುತ್ತದೆ.

ಜೋಡಣೆಯಲ್ಲಿ ಮೂರು ಸಂಗತಿಗಳನ್ನು ಮರೆಯಬಾರದು. ಮೊದಲನೆಯದು ಗಾಳಿ. ಫಲಕಗಳನ್ನು ತಗಡಿಗೆ ಅಂಟಿಸದೆ, ಚಾವಣಿಯ ಕಬ್ಬಿಣದ ಪಕ್ಕೆಗಳಿಗೆ ಅಲ್ಯೂಮಿನಿಯಂ ಚೌಕಟ್ಟು ಬಿಗಿದು, ಮೂರು ಅಂಗುಲ ಎತ್ತರದಲ್ಲಿ ಕೂರಿಸಿದೆವು. ಕೆಳಗೆ ಗಾಳಿಯಾಡಿ ಫಲಕ ತಂಪಾಗುತ್ತದೆ. ತಗಡಿಗೆ ಬಿಸಿಲು ತಾಕದೆ ಒಳಗಿದ್ದವರಿಗೂ ತಂಪು. ಬೋಲ್ಟು ತೂರಿದ ರಂಧ್ರಕ್ಕೆಲ್ಲ ನೀರಿಳಿಯದಂತೆ ಮೆತ್ತಿಗೆ. ಓಡಾಟದ ಮೊದಲ ದಿನವೇ ಮತ್ತೊಮ್ಮೆ ಬಿಗಿತ. ಎರಡನೆಯದು ತಂತಿಯ ದಪ್ಪ. ಹನ್ನೆರಡು ವೋಲ್ಟು ಎಂದರೆ ಕಡಿಮೆ ಒತ್ತಡದ ನೀರು. ಹೆಚ್ಚು ನೀರು ಹರಿಯಬೇಕಾದರೆ ಕೊಳವೆ ದಪ್ಪವಾಗಿರಬೇಕು. ಐನೂರು ವ್ಯಾಟಿನ ಮಿಕ್ಸರು ಇನ್ವರ್ಟರಿನ ಮೂಲಕ ನಡೆಯುವಾಗ ಬ್ಯಾಟರಿಯಿಂದ ನಲವತ್ತಕ್ಕೂ ಹೆಚ್ಚು ಆಂಪಿಯರು ಎಳೆಯುತ್ತದೆ. ಸಣ್ಣ ತಂತಿಯಾದರೆ ಚಟ್ನಿಗೆ ಮೊದಲು ತಂತಿಯೇ ಬೆಂದೀತು. ಬ್ಯಾಟರಿಯ ಧನ ತುದಿಯ ಪಕ್ಕದಲ್ಲೇ ಫ್ಯೂಸು ಇರಬೇಕೆಂಬುದೂ ಇದೇ ಕಾರಣಕ್ಕೆ. ಮೂರನೆಯದು ಖಾತೆಗಳನ್ನು ಬೇರೆ ಇಡುವುದು. ಎಂಜಿನ್ನನ್ನು ಎಬ್ಬಿಸುವ ಲಾರಿಯ ಬ್ಯಾಟರಿಯನ್ನು ಮನೆಖರ್ಚಿಗೆ ಮುಟ್ಟಕೂಡದು. ಮನೆಗೆಂದೇ 100 ಆಂಪಿಯರ್-ಗಂಟೆಯ ಲೀಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿ ತಂದೆವು. ಬೆಲೆ ಹೆಚ್ಚು, ಆದರೆ ಸೀಸದ ಬ್ಯಾಟರಿಯಲ್ಲಿ ಅರ್ಧದಷ್ಟನ್ನೇ ಖರ್ಚು ಮಾಡಿದರೆ ಕ್ಷೇಮ, ಇದರಲ್ಲಿ ಐದರಲ್ಲಿ ನಾಲ್ಕು ಭಾಗ. ತೂಕವೂ ಬಹಳ ಕಡಿಮೆ. ಫಲಕಕ್ಕೂ ಬ್ಯಾಟರಿಗೂ ನಡುವೆ ಎಂ.ಪಿ.ಪಿ.ಟಿ. ಎಂಬ ಜಾತಿಯ ನಿಯಂತ್ರಕ. ಫಲಕದ ಇಪ್ಪತ್ತು ವೋಲ್ಟನ್ನು ಬ್ಯಾಟರಿಗೆ ಬೇಕಾದ ಹದಿನಾಲ್ಕಕ್ಕೆ ಸೋರಿಕೆಯಿಲ್ಲದೆ ಇಳಿಸಿಕೊಡುವ ನಂಬಿಗಸ್ತ ಖಜಾಂಚಿ ಅದು.

ಏಪ್ರಿಲ್ ತಿಂಗಳ ಒಂದು ನಸುಕಿನಲ್ಲಿ ಹೈದರಾಬಾದು ಬಿಟ್ಟೆವು. ಭಾವನವರು ಚಾಲಕರು, ತಾಯಿ, ನನ್ನ ಹೆಂಡತಿ, ನಾನು ಪ್ರಯಾಣಿಕರು. ಬೀಚುಪಲ್ಲಿಯಲ್ಲಿ ಕೃಷ್ಣೆಯನ್ನೂ ಕರ್ನೂಲಿನ ಬಾಗಿಲಲ್ಲಿ ತುಂಗಭದ್ರೆಯನ್ನೂ ದಾಟಿದೆವು. ಎರಡೂ ನಮ್ಮ ನಾಡನ್ನು ಹಾದು ಬಂದ ನೀರು. ಬೇಸಗೆಯ ತುಂಗಭದ್ರೆಯಲ್ಲಿ ಬಂಡೆಯೇ ಹೆಚ್ಚು, ನೀರು ಕಡಿಮೆ. ಆದರೂ ತಾಯಿ ಕೈಮುಗಿದರು. ಗುತ್ತಿಯ ಕೋಟೆ ಕಾಣುವಲ್ಲಿ ನಡುಹಗಲಿನ ಊಟ. 1565ರ ಯುದ್ಧದಲ್ಲಿ ಹಂಪೆ ಹಾಳಾದಮೇಲೆ ವಿಜಯನಗರದ ಅರಸರು ರಾಜಧಾನಿ ಮಾಡಿಕೊಂಡ ಪೆನುಕೊಂಡೆಯಲ್ಲಿ ರಾತ್ರಿಯ ವಸತಿ. ಮರುದಿನ ರೊದ್ದಂ ದಾರಿಯಾಗಿ ಪಾವಗಡ. ಭೂಪಟದಲ್ಲಿ ಈ ತಾಲ್ಲೂಕನ್ನು ನೋಡಿ: ಆಂಧ್ರದ ನಡುವೆ ಕೈಚಾಚಿ ನಿಂತ ಕರ್ನಾಟಕ. ಅಂಗಡಿಯವನು ಕನ್ನಡದಲ್ಲಿ ಬೆಲೆ ಹೇಳಿ ತೆಲುಗಿನಲ್ಲಿ ಚಿಲ್ಲರೆ ಎಣಿಸುತ್ತಾನೆ. ಹೈದರಾಬಾದಿನ ನಮಗೆ ಇದು ಮನೆಯ ಭಾಷೆಯೇ ಆಯಿತು.

ಹಳ್ಳಿ ಸೇರಿದೊಡನೆ ತಾಯಿಗೂ ಭಾವನವರಿಗೂ ಒಂದು ವ್ಯಾಜ್ಯ ಹುಟ್ಟಿತು. ಮನೆಯ ಮುಂದೆ ದೊಡ್ಡ ಬೇವಿನ ಮರ. "ಗಾಡಿಯನ್ನು ನೆರಳಿಗೆ ಬಿಡು" ಎಂದು ತಾಯಿ. "ನೆರಳಿಗೆ ಬಿಟ್ಟರೆ ನಿಮ್ಮ ಔಷಧಿ ಕೆಡುತ್ತದೆ" ಎಂದು ಭಾವ. ಫಲಕದೊಳಗಿನ ಕೋಶಗಳು ಸರಪಳಿಯಂತೆ ಒಂದಕ್ಕೊಂದು ಪೋಣಿಸಿಕೊಂಡಿರುತ್ತವೆ. ಒಂದು ಕೊಂಬೆಯ ನೆರಳು ಕೆಲವಕ್ಕೆ ಬಿದ್ದರೂ ಇಡೀ ಸರಪಳಿ ಕುಂಟುತ್ತದೆ. ಹೀಗೆಂದೇ ನಾವು ಎರಡು ಫಲಕಗಳನ್ನೂ ಸಮಾನಾಂತರವಾಗಿ ಜೋಡಿಸಿ, ಒಂದರ ನೆರಳು ಇನ್ನೊಂದನ್ನು ಬಾಧಿಸದಂತೆ ಮಾಡಿದ್ದೆವು. ಕೊನೆಗೆ ರಾಜಿಯಾಯಿತು: ಲಾರಿ ಬಿಸಿಲಿಗೆ, ತಾಯಿ ನೆರಳಿಗೆ. ಅಂಗಳದವರೆಗೆ ಒಂದು ತಂತಿ ಎಳೆದು ಜಗುಲಿಗೆ ದೀಪ, ಮಲಗುವ ಕೋಣೆಗೆ ಫ್ಯಾನು ಕೊಟ್ಟೆವು. ಆರು ವರ್ಷದಮೇಲೆ ಆ ಮನೆಯಲ್ಲಿ ಬೆಳಕು ಕಂಡು ನೆರೆಯವರು ಒಬ್ಬೊಬ್ಬರಾಗಿ ಬಂದು ಜಗುಲಿಯಲ್ಲಿ ಕುಳಿತರು.

ತಾಯಿಗೆ ಅಲ್ಲಿ ಇನ್ನೊಂದು ಕೆಲಸವಿತ್ತು. ಅವರ ಪಾಲಿಗೆ ಬಂದ ಒಂದೂವರೆ ಎಕರೆ ಹೊಲ ಇಂದು ಪಾವಗಡದ ಸೌರ ಉದ್ಯಾನದ ಬೇಲಿಯೊಳಗಿದೆ. ತಿರುಮಣಿ, ಬಳಸಮುದ್ರ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಹರಡಿರುವ ಉದ್ಯಾನ ಅದು. 2018ರಲ್ಲಿ ಆರಂಭವಾಗಿ 2019ರ ಕೊನೆಗೆ 2,050 ಮೆಗಾವ್ಯಾಟ್ ಮುಟ್ಟಿತು. ನೆಲವನ್ನು ಕೊಳ್ಳದೆ ರೈತರಿಂದ ಗೇಣಿಗೆ ಪಡೆದದ್ದು ಅಲ್ಲಿನ ವಿಶೇಷ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ ಐದರ ಏರಿಕೆ ಎಂಬುದು ಒಪ್ಪಂದ. ಮಳೆ ಕೈಕೊಟ್ಟು ಕಡಲೆಕಾಯಿ ಒಣಗಿಹೋಗುತ್ತಿದ್ದ ನೆಲದಿಂದ ವರ್ಷ ತಪ್ಪದೆ ಹಣ ಬರುವುದು ಸಣ್ಣ ಮಾತಲ್ಲ. ತಾಯಿಯವರ ಔಷಧಿಯ ಖರ್ಚು ನಡೆಯುವುದೇ ಅದರಲ್ಲಿ. ಆದರೆ ಆ ಹೊಲದ ಮೇಲೆ ಏನು ನಿಂತಿದೆಯೆಂದು ಅವರು ಕಣ್ಣಾರೆ ಕಂಡಿರಲಿಲ್ಲ.

ಮೂರನೆಯ ದಿನ ಕರೆದುಕೊಂಡು ಹೋದೆವು. ಕಣ್ಣು ಹರಿಯುವಷ್ಟು ದೂರ ನೀಲಿ ಫಲಕಗಳ ಸಾಲು. ದೂರದಿಂದ ಕೆರೆ ತುಂಬಿದಂತೆ ಕಾಣುತ್ತದೆ. ನಮ್ಮ ಲಾರಿಯ ಮೇಲಿನದು 400 ವ್ಯಾಟು, ಅಲ್ಲಿನದು ಅದರ ಐವತ್ತು ಲಕ್ಷಕ್ಕೂ ಮಿಕ್ಕ ಪಾಲು. ಬೇಲಿಯ ಹೊರಗೆ ನಿಂತು ತಾಯಿ ಬಹಳ ಹೊತ್ತು ನೋಡಿದರು. "ಬದುವಿನಲ್ಲಿ ಒಂದು ಹುಣಿಸೆಮರ ಇತ್ತಲ್ಲ?" ಎಂದು ಕೇಳಿದರು. ನೆರಳು ಬೀಳುವ ಮರ ಫಲಕಗಳ ನಡುವೆ ಉಳಿಯದೆಂದು ಬೇವಿನ ಮರದ ವ್ಯಾಜ್ಯದಲ್ಲೇ ಅವರಿಗೆ ತಿಳಿದಿತ್ತು. ಉತ್ತರಕ್ಕೆ ಕಾಯದೆ ಲಾರಿ ಹತ್ತಿದರು.

ಆ ಸಂಜೆ ಜಗುಲಿಗೆ ಬಂದ ಮುದುಕಿಯೊಬ್ಬಳು ಹಿಂದೆ ಅದೇ ಹೊಲದಲ್ಲಿ ತಾಯಿಯ ಜೊತೆ ಕಳೆ ಕಿತ್ತವಳು. ಅವಳಿಗೆ ಸ್ವಂತ ನೆಲವಿಲ್ಲ. "ನೆಲ ಇದ್ದವರಿಗೆ ಗೇಣಿ ಬಂತು, ಅವ್ವ. ನಮಗೆ ಬರುತ್ತಿದ್ದದ್ದು ಕೂಲಿ. ಹೊಲವೇ ಇಲ್ಲದಮೇಲೆ ಕೂಲಿ ಎಲ್ಲಿಯದು?" ಎಂದಳು. ಬೇಲಿಯೊಳಗೆ ಹುಲ್ಲು ಕೊಯ್ಯುವ, ಫಲಕ ತೊಳೆಯುವ ಕೆಲಸ ಕೆಲವರಿಗೆ ಸಿಕ್ಕಿದೆ. ಅವಳ ಮಗ ಬೆಂಗಳೂರು ಸೇರಿದ್ದಾನೆ. ತಾಯಿ ಬಾಯಿಮಾತಿನ ಸಮಾಧಾನ ಹೇಳಲಿಲ್ಲ. ಉಳಿದಷ್ಟು ದಿನವೂ ಅವಳ ಊಟ ನಮ್ಮಲ್ಲೇ ಆಯಿತು.

ಐದನೆಯ ದಿನ ಮಧ್ಯಾಹ್ನ ಮೋಡ ಕವಿಯಿತು. ಆರನೆಯ ದಿನವೆಲ್ಲ ಸೂರ್ಯನ ಮುಖವಿಲ್ಲ. ನಿಯಂತ್ರಕದ ಅಂಕಿ ನೋಡಿದರೆ ಸಂಬಳ ಕಾಲು ಪಾಲಿಗೆ ಇಳಿದಿತ್ತು: 1,500 ಬರುವಲ್ಲಿ 380. ಮನೆಯಲ್ಲಿ ಹಣ ಸಾಲದಾದಾಗ ಏನು ಮಾಡುತ್ತೇವೋ ಇಲ್ಲಿಯೂ ಅದೇ. ಮಿಕ್ಸರು ನಿಂತಿತು, ತಾಯಿ ಮೂಲೆಯ ಒರಳನ್ನು ತೊಳೆಸಿದರು. ಒಂದು ಫ್ಯಾನು ನಿಂತಿತು. ನಾನೂ ಭಾವನವರೂ ಅಂಗಳದಲ್ಲಿ ಮಲಗಿದೆವು. ಫ್ರಿಜ್ಜನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಅದರ ಖರ್ಚು 450, ಬಂದದ್ದು 380. ದಿನಕ್ಕೆ 70ರ ಕೊರತೆಯನ್ನು ಬ್ಯಾಟರಿಯ ಉಳಿತಾಯ ಹಲವು ದಿನ ತುಂಬಿಕೊಡಬಲ್ಲದು. ಒಳಗಿನ ಶಾಖಮಾಪಕ 5 ಡಿಗ್ರಿಯಿಂದ ಕದಲಲಿಲ್ಲ. ಅಂದು ರಾತ್ರಿ ಮಳೆ ಬಿತ್ತು. ಬೆಳಿಗ್ಗೆ ನೋಡಿದರೆ ಫಲಕಗಳ ಧೂಳೆಲ್ಲ ತೊಳೆದುಹೋಗಿ, ಏಳನೆಯ ದಿನ ನಮಗೆ ಎಂದಿಗಿಂತ ಹೆಚ್ಚಿನ ಸಂಬಳ!

ಎಂಟನೆಯ ದಿನ ಸೋದರಮಾವನವರು ತುಮಕೂರಿನಿಂದ ಬಂದರು. ತಾಯಿ ಅವರನ್ನು ಜಗುಲಿಯ ದೀಪದ ಕೆಳಗೆ ಕೂರಿಸಿ ಊಟ ಬಡಿಸಿದರು. ಮಾರುವ ಮಾತು ಅಂದು ಏಳಲಿಲ್ಲ, ಆಮೇಲೂ ಎದ್ದಿಲ್ಲ. ಮಾವನವರು ಮೀಟರಿಗೆ ಅರ್ಜಿ ಕೊಟ್ಟಿದ್ದಾರೆ. ಬೀಗದ ಕೈಯೊಂದು ಆ ಮುದುಕಿಯ ಹತ್ತಿರ ಉಂಟು.

ಬೀಗ ಹಾಕಿದ ಮನೆಯುಳ್ಳ ಬಂಧುಗಳಿಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. ಎಲ್ಲರೂ ಲಾರಿಯನ್ನೇ ಮನೆ ಮಾಡಬೇಕೆಂದಿಲ್ಲ. ಇದೇ ಎರಡು ಫಲಕ, ಒಂದು ಬ್ಯಾಟರಿ ಹಳೆಯ ಚಾವಣಿಯ ಮೇಲೂ ಕೂರುತ್ತವೆ. ಆದರೆ ಅಂಗಡಿಗೆ ಹೋಗುವ ಮೊದಲು ಒಂದು ಹಾಳೆ ತೆಗೆದುಕೊಂಡು, ಊರಿನಲ್ಲಿ ನಿಮಗೆ ನಿಜವಾಗಿ ಏನು ಬೇಕು, ಎಷ್ಟು ಹೊತ್ತು ಬೇಕು ಎಂದು ಬರೆಯಿರಿ. ಕೂಡಿಸಿ ನೋಡಿದರೆ ಅದು ಬಹಳ ಆಗುವುದಿಲ್ಲ. ನಮಗೆ ಆದದ್ದು ದಿನಕ್ಕೆ ಒಂದು ಯೂನಿಟ್ಟು ಚಿಲ್ಲರೆ.