ಇದ್ದದ್ದು ಇದ್ದ ಹಾಗೆ

ಮೂರನೇ ಸಾಲಿನಲ್ಲಿ ಉದ್ಧರಣ ಚಿಹ್ನೆ ಮುಚ್ಚಿಲ್ಲ ಎನ್ನುತ್ತಿತ್ತು ಪೈಥಾನ್. ನನ್ನ ಕಡತದ ಮೂರನೇ ಸಾಲಿನಲ್ಲಿದ್ದದ್ದು ಬರೀ ಕಾಮೆಂಟು. ಹಳೆಯ ಪರ್ಲ್ ಸ್ಕ್ರಿಪ್ಟೊಂದರ ಹೊಟ್ಟೆಯೊಳಗೆ ಇಪ್ಪತ್ತು ಸಾಲು ಪೈಥಾನನ್ನು ಹಿಯರ್‌ಡಾಕ್ ಆಗಿ, ಅಂದರೆ ಒಂದು ಮುಕ್ತಾಯ ಪದ ಬರುವವರೆಗಿನ ಪಠ್ಯವಾಗಿ ಕೂರಿಸಿ, ಪೈಪಿನ ಮೂಲಕ ಪೈಥಾನ್‌ಗೆ ದಾಟಿಸುವ ಕೆಲಸ. ಅದೇ ತುಣುಕನ್ನು ಬೇರೆ ಕಡತಕ್ಕೆ ಹಾಕಿದರೆ ಚೆನ್ನಾಗಿ ಓಡುತ್ತಿತ್ತು. ಪೈಥಾನ್ ತನ್ನ ಕೈಗೆ ಬಂದ ಪಠ್ಯದ ಸಾಲುಗಳನ್ನಷ್ಟೇ ಎಣಿಸುತ್ತದೆ ಎಂದು ಹೊಳೆದು, ನನ್ನ ಕಡತದ 214ನೇ ಸಾಲಿಗೆ ಹೋದೆ. ಅಲ್ಲಿಯೂ ಚಿಹ್ನೆ ಮುಚ್ಚಿಯೇ ಇತ್ತು.

ನಮ್ಮ ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಮುಂಬಯಿಯಿಂದ ಮಾವನ ಕಾಗದ ಬಂದರೆ ಪಕ್ಕದ ಮನೆಯವರು ಓದಿ ಹೇಳುತ್ತಿದ್ದರು. ಜ್ವರ, ಸಾಲದಂಥ ಸುದ್ದಿ ಬಂದಲ್ಲಿ ಅವರ ದನಿ ಸ್ವಲ್ಪ ತಡವರಿಸಿ ಮುಂದೆ ಹೋಗುತ್ತಿತ್ತು. ಅಜ್ಜಿ ಸಂಜೆ ಅದೇ ಕಾಗದವನ್ನು ನನ್ನ ಕೈಗಿಟ್ಟು, "ಇದ್ದದ್ದು ಇದ್ದ ಹಾಗೆ ಓದು ಮಗಾ" ಅನ್ನುತ್ತಿದ್ದಳು.

ಅಜ್ಜಿಯ ಮಾತು ನೆನಪಾಗಿ, ಪೈಥಾನ್‌ಗೆ ದಾಟಿಸುವ ಮೊದಲು ಆ ಪಠ್ಯವನ್ನು ತೆರೆಯ ಮೇಲೆ ಮುದ್ರಿಸಿ ನೋಡಿದೆ. ಸಾಲು ನಡುವೆ ಮುರಿದು ಎರಡಾಗಿತ್ತು. ಹಿಯರ್‌ಡಾಕ್‌ನ ಮುಕ್ತಾಯ ಪದಕ್ಕೆ ನಾನು ಯಾವ ಉದ್ಧರಣ ಚಿಹ್ನೆಯನ್ನೂ ಹಾಕಿರಲಿಲ್ಲ; ಹಾಗಿದ್ದರೆ ಪರ್ಲ್ ಅದನ್ನು ಜೋಡಿ ಉದ್ಧರಣದ ಪಠ್ಯವೆಂದೇ ಓದುತ್ತದೆ. ಪೈಥಾನ್‌ಗೆಂದು ಬರೆದ ಬ್ಯಾಕ್‌ಸ್ಲ್ಯಾಶ್ ಎನ್ ಅನ್ನು ಪರ್ಲ್ ಮೊದಲೇ ಓದಿ, ಹೊಸ ಸಾಲಾಗಿಸಿ ಕಳಿಸಿತ್ತು. ಮುಕ್ತಾಯ ಪದಕ್ಕೆ ಒಂಟಿ ಉದ್ಧರಣ ಹಾಕಿದೆ. ಪರ್ಲ್ ಕೈ ಹಾಕದೆ ಇದ್ದದ್ದನ್ನು ಇದ್ದ ಹಾಗೆ ದಾಟಿಸಿತು.

ಈ ದೋಷ ಕೂಗಿ ಹೇಳಿತಲ್ಲ, ಅದೇ ಪುಣ್ಯ. ನನ್ನನ್ನು ನಿಜವಾಗಿ ಹೆದರಿಸಿದ್ದು ಡೆಕೊರೇಟರ್. ಪೈಥಾನ್‌ನಲ್ಲಿ ಪ್ರಾಪರ್ಟಿಯ ಮುಂದೆ ಹಾಕುವ ಅಟ್ ಚಿಹ್ನೆ ಪರ್ಲ್ ಕಣ್ಣಿಗೆ ಒಂದು ಅರೇ. ಸ್ಟ್ರಿಕ್ಟ್ ಇದ್ದರೆ ಪರ್ಲ್ ಅಲ್ಲೇ ತಡೆಯುತ್ತದೆ. ಇಲ್ಲದ ಹಳೆಯ ಸ್ಕ್ರಿಪ್ಟುಗಳಲ್ಲಿ ಆ ಅರೇ ಖಾಲಿ, ಹಾಗಾಗಿ ಸಾಲೇ ಮಾಯ. ಪೈಥಾನ್‌ಗೆ ಕಾಣುವುದು ಖಾಲಿ ಸಾಲು, ವ್ಯಾಕರಣ ಸರಿಯಾಗಿಯೇ ಇದೆ. ಪ್ರಾಪರ್ಟಿಯ ಬೆಲೆ ಬರಬೇಕಾದಲ್ಲಿ ಮೆಥಡ್ ಬಂದು ಕೂರುತ್ತದೆ.

ಇಂಡೆಂಟೇಶನ್ನಿನ ಕಷ್ಟ ಈಗ ಅಷ್ಟಿಲ್ಲ. 2017ರ ಪರ್ಲ್ 5.26ರಲ್ಲಿ ಬಂದ ಟಿಲ್ಡೆ ಹಿಯರ್‌ಡಾಕ್, ಮುಕ್ತಾಯ ಪದದ ಮುಂದಿರುವಷ್ಟು ಖಾಲಿ ಜಾಗವನ್ನು ಪ್ರತಿ ಸಾಲಿನಿಂದಲೂ ತೆಗೆಯುತ್ತದೆ. ಅದಕ್ಕೆ ಮೊದಲು ಪೈಥಾನ್ ಸಾಲುಗಳು ಕಡತದ ಎಡ ಅಂಚಿಗೇ ಅಂಟಿಕೊಳ್ಳಬೇಕಿತ್ತು.

ಒಂಟಿ ಉದ್ಧರಣದೊಳಗೆ ಪರ್ಲ್ ಚರಗಳ ಬೆಲೆ ತುಂಬುವುದಿಲ್ಲ ನಿಜ. ಅವನ್ನು ಆರ್ಗ್ಯುಮೆಂಟುಗಳಾಗಿ ಕಳಿಸುವುದೇ ನನಗೆ ಹಿತ. ಆ ರಾತ್ರಿ ಕಡತದ ಹೆಸರನ್ನೂ ತಾರೀಖನ್ನೂ ಹಾಗೆಯೇ ಕಳಿಸಿ, ಪಠ್ಯವನ್ನು ಇನ್ನೊಮ್ಮೆ ತೆರೆಗೆ ಮುದ್ರಿಸಿ, ಇಪ್ಪತ್ತೂ ಸಾಲನ್ನು ಗಟ್ಟಿಯಾಗಿ ಓದಿಕೊಂಡೆ.